ಬೀಗ ಹಾಕಿದ್ದ ಬಾಗಿಲು

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯನ್ನು ಮುಂದಾಲೋಚನೆಯಿಲ್ಲದವರನ್ನು ಹಳಿಯುವುದಕ್ಕಾಗಿ ನಾವೆಲ್ಲರೂ ಬಳಸುವುದುಂಟು. ಬಹುಜನರನ್ನು ಬಲಿಗೊಂಡ ಅಗ್ನ್ಯನಾಹುತಗಳ ಚರಿತ್ರೆಯನ್ನು ಪರಿಶೀಲಿಸಿದವರಿಗಾದರೋ ಆ ಗಾದೆಯು ಅರ್ಧ ಸತ್ಯವನ್ನು ಮಾತ್ರ ಹೇಳುವಂತೆ ತೋರುತ್ತದೆ. ನೀರಿನ ಅಭಾವದಿಂದ ಸತ್ತವರಿಗಿಂತ ದಾರಿಯ ಅಭಾವದಿಂದ ಸತ್ತವರ ಕಥೆಯೇ ಆ ಚರಿತ್ರೆಯಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಇದಕ್ಕೆ ನಿದರ್ಶನವಾಗಿ ನ್ಯೂಯಾರ್ಕು ನಗರದಲ್ಲಿ 1911ನೆಯ ಇಸವಿಯಲ್ಲಿ ನಡೆದ ಒಂದು ದುರಂತವನ್ನು ವಾಚಕರ ಮುಂದಿಡಲು ಇಚ್ಛಿಸುತ್ತೇನೆ.

ಆ ನಗರದ ವಾಷಿಂಗ್ಟನ್ ಪ್ಲೇಸ್ ಎಂಬ ಬೀದಿಯ ಮೂಲೆಯಲ್ಲಿ ಹತ್ತು ಅಂತಸ್ತುಗಳ ಆಶ್ ಕಟ್ಟಡವಿದ್ದಿತು. ಅದರ ಮೇಲಣ ಮೂರು ಅಂತಸ್ತುಗಳಲ್ಲಿ ಹೆಂಗಸರ ಮೇಲಂಗಿಗಳನ್ನು ಹೊಲಿಯುವ ಟ್ರಯಾಂಗಲ್ ಕಾರ್ಖಾನೆಯು ನಡೆಯುತ್ತಿದ್ದಿತು. ಮ್ಯಾಕ್ಸ್ ಬ್ಲ್ಯಾಂಕ್, ಐಸಾಕ್ ಹ್ಯಾರಿಸ್ ಎಂಬಿಬ್ಬರು ಅದರ ಯಜಮಾನರು. ಸುಮಾರು ಐನೂರು ಮಂದಿ ಕೆಲಸಗಾರರಲ್ಲಿ ಹೆಚ್ಚಿನವರು ಇಟಲಿಯಿಂದಲೂ ಪೂರ್ವ ಯುರೋಪಿನಿಂದಲೂ ಜೀವನೋಪಾಯವನ್ನರಸಿ ಬಂದಿದ್ದ ಎಳೆಯ ಹೆಣ್ಣುಮಕ್ಕಳು. 1909ರಲ್ಲಿ ನಗರದ ಇಪ್ಪತ್ತು ಸಾವಿರ ಹೊಲಿಗೆಯ ಹೆಣ್ಣುಮಕ್ಕಳು ಮುಷ್ಕರ ಹೂಡಿದಾಗ ಈ ಕಾರ್ಖಾನೆಯವರೂ ಅದರಲ್ಲಿ ಮುಂದಾಗಿದ್ದರು. ಆದರೆ ಯಜಮಾನರು ಅವರ ಸಂಘವನ್ನು ಅಂಗೀಕರಿಸಲಿಲ್ಲ.

ಮಾರ್ಚಿ 25, ಶನಿವಾರ. ಸಂಜೆ ನಾಲ್ಕೂಮುಕ್ಕಾಲರ ಹೊತ್ತಿಗೆ, ಕೆಲಸ ಮುಗಿಯುವ ಸಮಯದಲ್ಲಿ, ಎಂಟನೆಯ ಅಂತಸ್ತಿನ ಕತ್ತರಿಮೇಜಿನ ಕೆಳಗಿದ್ದ ಚಿಂದಿಯ ರಾಶಿಗೆ ಕಿಡಿ ತಗಲಿತು. ಆರದ ಬೆಂಕಿಕಡ್ಡಿಯೋ ಸಿಗರೇಟಿನ ತುಂಡೋ ಕಾರಣವಾಗಿದ್ದಿರಬೇಕೆಂದು ಊಹಿಸಿದರು. ಕಾಗದದ ನಮೂನೆಗಳೂ ತೆಳ್ಳನೆಯ ಬಟ್ಟೆಯೂ ತುಂಬಿದ್ದ ಆ ಸ್ಥಳದಲ್ಲಿ ಉರಿಯು ಕ್ಷಣಮಾತ್ರದಲ್ಲಿ ಹಬ್ಬಿತು. ಎಂಟನೆಯ ಅಂತಸ್ತಿನವರು ಹತ್ತನೆಯ ಅಂತಸ್ತಿನ ಕಚೇರಿಗೆ ಟೆಲಿಫೋನಿನಲ್ಲಿ ಸುದ್ದಿ ಮುಟ್ಟಿಸಿದರು. ಯಜಮಾನರೂ ಅಲ್ಲಿದ್ದ ಇತರರೂ ಮಾಳಿಗೆಯನ್ನೇರಿ ಪಕ್ಕದ ಕಟ್ಟಡಕ್ಕೆ ದಾಟಿ ಉಳಿದುಕೊಂಡರು. ನಡುವಣ ಒಂಬತ್ತನೆಯ ಅಂತಸ್ತಿಗೆ ಮಾತ್ರ ಯಾರೂ ಹೇಳಿ ಕಳುಹಿಸಲಿಲ್ಲ. ಅಲ್ಲಿಯವರಿಗೆ ಉರಿಯೇ ಮೊದಲನೆಯ ಸುದ್ದಿಯಾಯಿತು.

ಆ ಅಂತಸ್ತಿಗೆ ಎರಡು ಮೆಟ್ಟಿಲ ದಾರಿಗಳಿದ್ದುವು. ಗ್ರೀನ್ ಬೀದಿಯ ಕಡೆಯ ದಾರಿಯನ್ನು ಉರಿಯು ಬೇಗನೆ ಆವರಿಸಿತು. ವಾಷಿಂಗ್ಟನ್ ಪ್ಲೇಸಿನ ಕಡೆಯ ಬಾಗಿಲಿಗೆ ಬೀಗ ಹಾಕಿದ್ದಿತು. ಕೆಲಸಗಾರರು ಬಟ್ಟೆಯನ್ನು ಕದ್ದೊಯ್ಯಬಾರದೆಂದು ಎಲ್ಲರನ್ನೂ ಒಂದೇ ದಾರಿಯಿಂದ ಹೊರಡಿಸಿ, ಅವರ ಕೈಚೀಲಗಳನ್ನು ಶೋಧಿಸುವುದು ಅಲ್ಲಿಯ ಪದ್ಧತಿ. ಹಿಂಭಾಗದ ಕಬ್ಬಿಣದ ತುರ್ತುಮೆಟ್ಟಿಲು ಜನರ ಭಾರಕ್ಕೆ ಕಳಚಿ ಬಿದ್ದಿತು. ಲಿಫ್ಟು ನಡೆಸುತ್ತಿದ್ದ ಜೋಸೆಫ್ ಜಿಟೊ ಮತ್ತು ಅವನ ಜೊತೆಗಾರನು ಪ್ರಾಣದ ಹಂಗು ತೊರೆದು ಮತ್ತೆ ಮತ್ತೆ ಮೇಲಕ್ಕೆ ಹೋಗಿ ಅನೇಕರನ್ನು ಇಳಿಸಿ ತಂದರು. ಅಗ್ನಿಶಾಮಕ ದಳದವರೇನೋ ಬೇಗನೆ ಬಂದರು. ಆದರೆ ಅವರ ಏಣಿಗಳು ಆರನೆಯ ಅಂತಸ್ತಿನವರೆಗೆ ಮಾತ್ರ ಮುಟ್ಟಿದುವು. ಕಿಟಕಿಗಳಿಂದ ಧುಮುಕಿದವರ ವೇಗಕ್ಕೆ ಕೆಳಗೆ ಹಿಡಿದ ಬಲೆಗಳು ಹರಿದುಹೋದುವು. ಅರ್ಧ ಗಂಟೆಯೊಳಗೆ ಎಲ್ಲವೂ ಮುಗಿದಿದ್ದಿತು. ಸತ್ತವರು 146 ಮಂದಿ. ಅವರಲ್ಲಿ 123 ಮಂದಿ ಹೆಂಗಸರು. ಹದಿನಾಲ್ಕು ವರ್ಷದ ಬಾಲಿಕೆಯರೂ ಅವರಲ್ಲಿದ್ದರು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯುಂಟು. ಆ ಕಟ್ಟಡವು ಅಗ್ನಿನಿರೋಧಕವೆಂದು ಹೆಸರು ಪಡೆದಿದ್ದಿತು. ಆ ಹೆಸರು ಸುಳ್ಳೂ ಆಗಲಿಲ್ಲ. ಅದರ ಗೋಡೆಗಳು ನಿಂತುವು. ಇಂದಿಗೂ ಅದು ವಿಶ್ವವಿದ್ಯಾಲಯವೊಂದರ ಕಟ್ಟಡವಾಗಿ ನಿಂತಿದೆ. ಕಟ್ಟಿದವರು ಕಲ್ಲು ಉಕ್ಕುಗಳ ಕ್ಷೇಮವನ್ನು ಚೆನ್ನಾಗಿ ಯೋಚಿಸಿದ್ದರು.

ಯಜಮಾನರ ಮೇಲೆ ನರಹತ್ಯೆಯ ಮೊಕದ್ದಮೆ ನಡೆಯಿತು. ಆ ಗಳಿಗೆಯಲ್ಲಿ ಬಾಗಿಲಿಗೆ ಬೀಗವಿದ್ದುದು ಅವರಿಗೆ ತಿಳಿದಿತ್ತೆಂಬುದು ಸಿದ್ಧವಾಗಬೇಕಾಗಿದ್ದಿತು. ಸಿದ್ಧವಾಗಲಿಲ್ಲವೆಂದು 1911ರ ಡಿಸೆಂಬರಿನಲ್ಲಿ ಜ್ಯೂರಿಯವರು ಅವರನ್ನು ಬಿಡುಗಡೆ ಮಾಡಿದರು. 1914ರಲ್ಲಿ ದಾವೆ ಹೂಡಿದ ಕುಟುಂಬಗಳಿಗೆ ಒಂದೊಂದು ಪ್ರಾಣಕ್ಕೆ 75 ಡಾಲರುಗಳ ಪರಿಹಾರ ದೊರೆಯಿತು. ಇದರ ನಡುವೆ, 1913ರಲ್ಲಿ, ಬ್ಲ್ಯಾಂಕನು ಕೆಲಸದ ವೇಳೆಯಲ್ಲಿ ಕಾರ್ಖಾನೆಯ ಬಾಗಿಲಿಗೆ ಪುನಃ ಬೀಗ ಹಾಕಿಸಿ ಸಿಕ್ಕಿಬಿದ್ದನು. ಅವನಿಗಾದ ದಂಡ 20 ಡಾಲರು.

ಆದರೂ ಆ ಸಾವುಗಳು ಪೂರ್ಣವಾಗಿ ವ್ಯರ್ಥವಾದುವೆಂದು ಹೇಳುವಂತಿಲ್ಲ. ಅದೇ ವರ್ಷ ನ್ಯೂಯಾರ್ಕು ರಾಜ್ಯವು ರಾಬರ್ಟ್ ವ್ಯಾಗ್ನರ್ ಮತ್ತು ಆಲ್ ಸ್ಮಿತ್ ಇವರ ಮುಂದಾಳುತನದಲ್ಲಿ ವಿಚಾರಣಾ ಸಮಿತಿಯೊಂದನ್ನು ನೇಮಿಸಿತು. ಅದರ ಫಲವಾಗಿ ಕೆಲಸದ ವೇಳೆಯಲ್ಲಿ ಬಾಗಿಲುಗಳಿಗೆ ಬೀಗವಿರಬಾರದು, ಎತ್ತರದ ಕಾರ್ಖಾನೆಗಳಲ್ಲಿ ನೀರು ತಾನಾಗಿ ಚಿಮ್ಮುವ ಏರ್ಪಾಡಿರಬೇಕು, ಬೆಂಕಿಯಿಂದ ಪಾರಾಗುವ ಅಭ್ಯಾಸವನ್ನು ಮಾಡಿಸಬೇಕು ಎಂಬಿವೇ ಮೊದಲಾದ ಕಾನೂನುಗಳು ಬಂದುವು. ಆ ಸಂಜೆ ಕಿಟಕಿಗಳಿಂದ ಬೀಳುತ್ತಿದ್ದವರನ್ನು ಬೀದಿಯಲ್ಲಿ ನಿಂತು ಕಣ್ಣಾರೆ ಕಂಡ ಫ್ರಾನ್ಸಿಸ್ ಪರ್ಕಿನ್ಸ್ ಎಂಬಾಕೆ ಆ ಸಮಿತಿಗಾಗಿ ದುಡಿದು, 1933ರಲ್ಲಿ ಅಮೆರಿಕಾ ದೇಶದ ಮಂತ್ರಿಮಂಡಲದ ಮೊದಲನೆಯ ಮಹಿಳೆಯಾಗಿ ಕಾರ್ಮಿಕ ಖಾತೆಯನ್ನು ವಹಿಸಿಕೊಂಡಳು.

ಇದು ಪರದೇಶದ ಹಳೆಯ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. 1997ರ ಜೂನ್ 13ರಂದು ದಿಲ್ಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಹೊಗೆಯಿಂದ ಉಸಿರು ಕಟ್ಟಿ ಮಡಿದರು. ಬಾಲ್ಕನಿಯ ಒಂದು ಪಕ್ಕದ ದಾರಿಯನ್ನು ಹೆಚ್ಚಿನ ಆಸನಗಳಿಗಾಗಿ ಮುಚ್ಚಿದ್ದರು. 2012ರಲ್ಲಿ ಕರಾಚಿಯ ಬಟ್ಟೆ ಕಾರ್ಖಾನೆಯೊಂದರಲ್ಲಿ 250ಕ್ಕೂ ಹೆಚ್ಚು ಮಂದಿ ಸತ್ತರು. ಆ ಬೆಂಕಿಯನ್ನು ಬೇಕೆಂದೇ ಹಚ್ಚಿದರೆಂದು 2020ರಲ್ಲಿ ನ್ಯಾಯಾಲಯವು ತೀರ್ಮಾನಿಸಿತು. ಹಚ್ಚಿದ ಕೈ ಯಾವುದೇ ಇರಲಿ, ಒಳಗಿದ್ದವರನ್ನು ತಡೆದುವು ಕಿಟಕಿಯ ಸರಳುಗಳೂ ಮುಚ್ಚಿದ ಬಾಗಿಲುಗಳೂ.

ಒಂದೆಡೆ ಕಳವಿನ ಭಯ, ಮತ್ತೊಂದೆಡೆ ನಾಲ್ಕು ಆಸನಗಳ ಆಸೆ: ಕಾರಣಗಳು ಇಷ್ಟು ಅಲ್ಪವಾದುವು. ನಮ್ಮ ಶಾಲೆ, ಸಭಾಮಂದಿರ, ಕಲ್ಯಾಣಮಂಟಪಗಳಲ್ಲಿಯೂ ಕುರ್ಚಿಗಳನ್ನು ಒಟ್ಟಿ ಮುಚ್ಚಿದ ಬಾಗಿಲುಗಳು, ಬೀಗದ ಕೈ ಯಾರಲ್ಲಿದೆಯೆಂದು ತಿಳಿಯದ ಬಾಗಿಲುಗಳು ಕಾಣದೆ ಇಲ್ಲ. ಮುಂದಿನ ಸಮಾರಂಭಕ್ಕೆ ಹೋದಾಗ ವಾಚಕರು ಎರಡನೆಯ ಬಾಗಿಲು ಎಲ್ಲಿದೆಯೆಂದು ನೋಡಿ, ಅದು ತೆರೆಯುವುದೋ ಇಲ್ಲವೋ ಎಂದು ವಿಚಾರಿಸುವುದಾದರೆ ಈ ಲೇಖನವನ್ನು ಬರೆದುದು ಸಾರ್ಥಕವಾಯಿತೆಂದು ಭಾವಿಸುವೆನು.