ಕತ್ತಿನ ಅಭಿಧಮನಿಗೆ ಅಲ್ಟ್ರಾಸೌಂಡ್ ಮಾರ್ಗದರ್ಶನ: 1978ರ ಆರಂಭಬಿಂದುವಿನ ಮರುಪರಿಶೀಲನೆ

ಕತ್ತಿನ ಒಳ ಜುಗುಲರ್ ಅಭಿಧಮನಿಗೆ ಅಲ್ಟ್ರಾಸೌಂಡ್ ನೆರವಿನಿಂದ ಕ್ಯಾಥೆಟರ್ ಹಾಕುವ ಪದ್ಧತಿಯ ಚರಿತ್ರೆಯನ್ನು ಬರೆದವರಲ್ಲಿ ಹಲವರು ಅದರ ಆರಂಭವನ್ನು 1978ಕ್ಕೆ, ಅಂದರೆ ಉಲ್‌ಮನ್ ಮತ್ತು ಸ್ಟೋಲ್ಟಿಂಗ್ 'ಅನೆಸ್ತೀಸಿಯಾ ಅಂಡ್ ಅನಾಲ್ಜೀಸಿಯಾ' ಪತ್ರಿಕೆಯಲ್ಲಿ ಪ್ರಕಟಿಸಿದ ಕಿರುಬರಹಕ್ಕೆ, ಒಯ್ದು ನಿಲ್ಲಿಸುತ್ತಾರೆ. ಒಬ್ಬರ ಅಡಿಟಿಪ್ಪಣಿ ಮತ್ತೊಬ್ಬರ ಅಡಿಟಿಪ್ಪಣಿಗೆ ಆಧಾರವಾಗುತ್ತ ಬಂದುದರಿಂದ ಈ ಇಸವಿಗೆ ಈಗ ಯಾರೂ ಪ್ರಶ್ನಿಸದ ಸ್ಥಾನ ಒದಗಿದೆ. ಆದರೆ ಆ ಬರಹದಲ್ಲಿ ಬಳಕೆಯಾದ ಉಪಕರಣ ಎಂಥದು, ಅದು ವೈದ್ಯರಿಗೆ ಏನನ್ನು ತಿಳಿಸಬಲ್ಲದಾಗಿತ್ತು ಎಂದು ವಿಚಾರಿಸಿದರೆ ಈ ಕಾಲನಿರ್ಣಯ ಸಡಿಲವಾಗುತ್ತದೆ. ಇಂದು ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲೂ ತೀವ್ರ ನಿಗಾ ಘಟಕಗಳಲ್ಲೂ ರೂಢಿಯಲ್ಲಿರುವ ಪದ್ಧತಿಯ ಮೂಲವನ್ನು ಹುಡುಕಬೇಕಾದದ್ದು 1986ರಲ್ಲಿ ಯೋನೆಯಿ, ನೊನೊವೆ ಮತ್ತು ಸಾರಿ ಎಂಬ ಜಪಾನಿನ ಮೂವರು 'ಅನೆಸ್ತೀಸಿಯಾಲಜಿ'ಯಲ್ಲಿ ಪ್ರಕಟಿಸಿದ, ಹೆಚ್ಚು ಜನ ತೆರೆದು ನೋಡದ ಎರಡು ಪುಟಗಳ ಟಿಪ್ಪಣಿಯಲ್ಲಿ ಎಂಬುದು ಪ್ರಸ್ತುತ ಲೇಖನದ ವಾದ.

1978ರ ಉಪಕರಣ ಡಾಪ್ಲರ್ ರಕ್ತಪ್ರವಾಹ ಶೋಧಕ. ಚಲಿಸುವ ರಕ್ತಕಣಗಳಿಗೆ ತಾಗಿ ಮರಳುವ ಶಬ್ದತರಂಗದ ಆವರ್ತನ ಬದಲಾಗುತ್ತದೆ. ಆ ಬದಲಾವಣೆಯನ್ನೇ ಈ ಶೋಧಕ ಕಿವಿಗೆ ಕೇಳುವ ಸದ್ದಾಗಿ ಮಾರ್ಪಡಿಸುತ್ತದೆ. ಅಪಧಮನಿ ಎದೆಬಡಿತಕ್ಕೆ ಸರಿಯಾಗಿ ಚುರುಕಾಗಿ ಸಿಡಿಯುವ ಸದ್ದು ಕೊಡುತ್ತದೆ. ಅಭಿಧಮನಿಯದು ಉಸಿರಾಟದೊಡನೆ ಏರಿಳಿಯುವ, ಗಾಳಿ ಬೀಸಿದಂಥ ಮಂದಸ್ವರ. ಇಷ್ಟು ವ್ಯತ್ಯಾಸವನ್ನು ನುರಿತ ಕಿವಿ ಹಿಡಿಯಬಲ್ಲದು ಎಂಬುದರಲ್ಲಿ ವಿವಾದವಿಲ್ಲ. ವಿವಾದವಿರುವುದು ಮುಂದಿನ ಹೆಜ್ಜೆಯಲ್ಲಿ. ಆವರ್ತನದ ಬದಲಾವಣೆ ತರಂಗದ ದಿಕ್ಕಿಗೂ ರಕ್ತದ ದಿಕ್ಕಿಗೂ ನಡುವಿನ ಕೋನವನ್ನು ಅವಲಂಬಿಸಿದ್ದು, ಆ ಕೋನ ಲಂಬವಾದರೆ ಸದ್ದೇ ಹೊರಡದು. ಆದ್ದರಿಂದ ಚರ್ಮಕ್ಕೆ ಸಮಾಂತರವಾಗಿ ಹರಿಯುವ ಜುಗುಲರನ್ನು ಕೇಳಬೇಕಾದರೆ ಪ್ರೋಬನ್ನು ಓರೆಯಾಗಿ ಹಿಡಿಯಲೇಬೇಕು. ಹಾಗೆ ಹಿಡಿದಾಗ ಪ್ರೋಬಿನ ತುದಿ ತಾಗಿರುವ ಚರ್ಮದ ಬಿಂದುವೂ ಸದ್ದು ಹುಟ್ಟುವ ರಕ್ತನಾಳದ ಬಿಂದುವೂ ಒಂದರ ನೇರಕ್ಕೆ ಇನ್ನೊಂದು ಇರುವುದಿಲ್ಲ. ಇದರ ಮೇಲೆ, ತರಂಗವನ್ನು ಬಿಡುವಿಲ್ಲದೆ ಕಳಿಸುತ್ತಲೇ ಇರುವ ಈ ಬಗೆಯ ಸರಳ ಶೋಧಕಗಳಿಗೆ ಆಳದ ಅಳತೆ ಸಿಗುವುದಿಲ್ಲ. ಗೋಡೆಗೆ ಕಿವಿಗೊಟ್ಟವನಿಗೆ ನೀರು ಹರಿಯುವುದು ಕೇಳಿಸೀತು, ಕೊಳವೆ ಎಷ್ಟು ಒಳಗಿದೆಯೆಂಬುದು ಕೇಳಿಸದು.

ಈ ಕೊರತೆ ಎಷ್ಟು ಗಂಭೀರವಾದದ್ದೆಂಬುದನ್ನು ಟ್ರೋಯಾನೋಸ್ ಮತ್ತು ಸಂಗಡಿಗರ 1996ರ ಅಧ್ಯಯನ ತೋರಿಸುತ್ತದೆ. ಆರಂಭಬಿಂದುವಿನ ಚರ್ಚೆಗೆ ಅದನ್ನು ಯಾರೂ ತರದಿರುವುದು ವಿಸ್ಮಯಕರ. ಅಲ್ಲಿ ಪರೀಕ್ಷಿಸಲಾದ 1,136 ರೋಗಿಗಳ ಪೈಕಿ 54 ಪ್ರತಿಶತ ಮಂದಿಯಲ್ಲಿ, ಪ್ರೋಬಿನ ದಿಕ್ಕಿನಿಂದ ನೋಡಿದಾಗ, ಅಭಿಧಮನಿಯು ಕೆರೋಟಿಡ್ ಅಪಧಮನಿಯ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಮುಚ್ಚಿಕೊಂಡಿತ್ತು. ಹೀಗೆ ಒಂದರ ಬೆನ್ನಿಗೆ ಇನ್ನೊಂದು ಇರುವಲ್ಲಿ ಎರಡರ ಸದ್ದೂ ಒಟ್ಟಿಗೆ ಕೇಳಿಸುವ ಸಂಭವವಿದೆ. ಅಭಿಧಮನಿಯ ಹಿಂಗೋಡೆಯನ್ನು ದಾಟಿದ ಸೂಜಿ ನೇರ ಕೆರೋಟಿಡ್‌ಗೇ ಹೋಗುತ್ತದೆ. ಚರ್ಮದ ಮೇಲೆ ಗುರುತು ಹಾಕಿಕೊಂಡು ಆಮೇಲೆ ಚುಚ್ಚುವವರಿಗೆ ಇದು ನಡೆಯುತ್ತಿರುವ ಕ್ಷಣದಲ್ಲಿ ತಿಳಿಯುವ ದಾರಿಯಿಲ್ಲ. ಹೀಗಾಗಿ 1978ರ ಕ್ರಮವು ಸ್ನಾಯು ಮತ್ತು ಎಲುಬುಗಳ ಗುರುತು ನೋಡಿ ಚುಚ್ಚುವ ಹಳೆಯ ಪದ್ಧತಿಗೆ ಸೇರಿಸಿದ ಇನ್ನೊಂದು ಗುರುತು ಮಾತ್ರ. ಉಲ್‌ಮನ್ ಮತ್ತು ಸ್ಟೋಲ್ಟಿಂಗ್ ಅವರನ್ನು ಇದಕ್ಕಾಗಿ ಹಳಿಯಬೇಕಾಗಿಲ್ಲ. ಅವರು ಹೊರಟದ್ದು ಅಭಿಧಮನಿಯ ಜಾಗವನ್ನು ಪತ್ತೆಮಾಡಲು, ಅದಕ್ಕಿಂತ ದೊಡ್ಡ ಕೀರ್ತಿಯನ್ನು ಅವರಿಗೆ ಹೊರಿಸಿದವರು ನಂತರದವರು.

ಇದಕ್ಕೊಂದು ತೂಕದ ಆಕ್ಷೇಪಣೆ ಸಾಧ್ಯ. ಸೂಜಿಯ ಒಳಗೇ ಡಾಪ್ಲರ್ ಪ್ರೋಬ್ ಅಳವಡಿಸಿದ ಸಾಧನಗಳು ಮುಂದೆ ಬಂದವು. ಅವು ಸೂಜಿ ಸಾಗುವಾಗಲೇ ಸದ್ದು ಕೊಡುತ್ತಿದ್ದುದರಿಂದ ಏಕಕಾಲಿಕತೆಯೊಂದನ್ನೇ ಹಿಡಿದು ಡಾಪ್ಲರ್ ಪರಂಪರೆಯನ್ನು ಹೊರಗಿಡುವಂತಿಲ್ಲ ಎಂಬುದು ಆ ಆಕ್ಷೇಪಣೆ. ಅದು ಸರಿಯೇ, ಆದರೆ ಅದರಿಂದ ಸಿದ್ಧವಾಗುವುದು ಲಕ್ಷಣವನ್ನು ಇನ್ನಷ್ಟು ಬಿಗಿಗೊಳಿಸಬೇಕೆಂಬುದು ಮಾತ್ರ. ಅಭಿಧಮನಿ, ಅಪಧಮನಿ, ಸೂಜಿ ಈ ಮೂರೂ ಒಂದೇ ಪರದೆಯಲ್ಲಿ, ಚುಚ್ಚುತ್ತಿರುವಾಗಲೇ, ಚಿತ್ರವಾಗಿ ಕಾಣಬೇಕು. ಈ ಲಕ್ಷಣಕ್ಕೆ ಹೊಂದುವುದು 1986ರ ಟಿಪ್ಪಣಿ.

ಡಾಪ್ಲರ್‌ನ ಸದ್ದು, ಪರದೆಯ ಚಿತ್ರ ಎರಡನ್ನೂ 'ಅಲ್ಟ್ರಾಸೌಂಡ್' ಎಂಬ ಒಂದೇ ಹೆಸರಿನಡಿ ತಂದ ಗೊಂದಲ ಚರಿತ್ರಕಾರರಿಗಷ್ಟೇ ಸೀಮಿತವಾಗಿರಲಿಲ್ಲ. ರ‍್ಯಾಂಡಾಲ್ಫ್ ಮತ್ತು ಸಂಗಡಿಗರು 1996ರಲ್ಲಿ 8 ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ ಡಾಪ್ಲರ್ ಮತ್ತು ಚಿತ್ರ ಎರಡಕ್ಕೂ ಒಂದೇ ಸಾಲಿನಲ್ಲಿ ಜಾಗ ಸಿಕ್ಕಿತು. ಹೈಂಡ್ ಮತ್ತು ಸಂಗಡಿಗರು 2003ರಲ್ಲಿ 18 ಪ್ರಯೋಗಗಳ 1,646 ರೋಗಿಗಳ ಮಾಹಿತಿಯನ್ನು ಬೇರ್ಪಡಿಸಿ ನೋಡಿದಾಗ, ವಯಸ್ಕರ ಜುಗುಲರ್‌ನಲ್ಲಿ ವಿಫಲತೆಯ ಸಾಪೇಕ್ಷ ಅಪಾಯ ಚಿತ್ರದಿಂದ 0.14ಕ್ಕೂ ಡಾಪ್ಲರ್‌ನಿಂದ 0.39ಕ್ಕೂ ಇಳಿದದ್ದು ಕಂಡಿತು. ಇವೆರಡರ ಅನಿಶ್ಚಿತತೆಯ ವ್ಯಾಪ್ತಿಗಳು (0.06ರಿಂದ 0.33, 0.17ರಿಂದ 0.92) ಒಂದರೊಳಗೊಂದು ಹಾಯುವುದರಿಂದ ಜುಗುಲರ್‌ನ ಅಂಕಿಗಳಷ್ಟರಿಂದಲೇ ತೀರ್ಪು ಕೊಡುವುದು ಆತುರವಾದೀತು, ಡಾಪ್ಲರ್‌ನ ಪಕ್ಷಪಾತಿಗಳು 0.39ನ್ನು ಎತ್ತಿ ಹಿಡಿಯುವುದೂ ಅರ್ಥವಾಗುವಂಥದೇ. ಆದರೆ ಕೊರಳೆಲುಬಿನ ಕೆಳಗಿನ ಸಬ್‌ಕ್ಲೇವಿಯನ್ ಅಭಿಧಮನಿಯಲ್ಲಿ ಡಾಪ್ಲರ್ ಬಳಸಿದಾಗ ವಿಫಲತೆ ಹಳೆಯ ಪದ್ಧತಿಗಿಂತಲೂ ಹೆಚ್ಚಿ 1.48 ಆಯಿತೆಂಬುದನ್ನು ಅವರು ಉದ್ಧರಿಸುವುದಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2002ರ ಸೆಪ್ಟೆಂಬರಿನಲ್ಲೇ, ಜುಗುಲರ್‌ಗೆ ಪೂರ್ವಯೋಜಿತವಾಗಿ ಕ್ಯಾಥೆಟರ್ ಹಾಕುವಾಗ ಎರಡು ಆಯಾಮದ ಚಿತ್ರವೇ ಆದ್ಯತೆಯ ವಿಧಾನವೆಂದೂ, ಸದ್ದಿನ ಡಾಪ್ಲರ್ ಬಳಸಬಾರದೆಂದೂ ಶಿಫಾರಸು ಮಾಡಿತ್ತು. ಒಂದು ಪದ್ಧತಿಯನ್ನು ಒಪ್ಪಿ ಇನ್ನೊಂದನ್ನು ಅದೇ ಮಾರ್ಗಸೂಚಿ ತಳ್ಳಿಹಾಕಿರುವಾಗ, ತಳ್ಳಿಹಾಕಿದ್ದನ್ನೇ ಒಪ್ಪಿದ್ದರ ಮೂಲವೆಂದು ಪಾಠ ಹೇಳುತ್ತ ಹೋಗುವುದು ಹೇಗೆ ಸಾಧ್ಯ?

ಚಿತ್ರ ಬಂದೊಡನೆ ಸಮಸ್ಯೆ ಮುಗಿಯಿತೆಂದು ಇದರಿಂದ ಭಾವಿಸಬೇಕಿಲ್ಲ. 2009ರಲ್ಲಿ ಬ್ಲೈವಾಸ್ ಮತ್ತು ಅಧಿಕಾರಿ ಪ್ರಕಟಿಸಿದ ಅಧ್ಯಯನದಲ್ಲಿ, ಕೃತಕ ಮಾದರಿಯ ಮೇಲೆ ಅಲ್ಟ್ರಾಸೌಂಡ್ ನೋಡುತ್ತಲೇ ಚುಚ್ಚಿದ 25 ಕಿರಿಯ ವೈದ್ಯರಲ್ಲಿ 16 ಮಂದಿಯ ಸೂಜಿ ಅಭಿಧಮನಿಯ ಹಿಂಗೋಡೆಯನ್ನು ತೂರಿತ್ತು. ಅಡ್ಡಕೊಯ್ತದ ನೋಟದಲ್ಲಿ ಸೂಜಿ ಒಂದು ಬಿಳಿ ಚುಕ್ಕೆಯಾಗಿ ಕಾಣುತ್ತದೆ; ಅದು ಸೂಜಿಯ ತುದಿಯೋ ನಡುಭಾಗವೋ ಎಂಬುದು ಚುಕ್ಕೆಯಿಂದಷ್ಟೇ ತಿಳಿಯದು. ಆದರೂ ಈ ಬಗೆಯ ತಪ್ಪು ಚಿತ್ರವನ್ನು ಓದುವುದರಲ್ಲಿ ಆಗುವ ತಪ್ಪು, ತರಬೇತಿಯಿಂದ ತಿದ್ದಬಹುದಾದದ್ದು. ಆಳವನ್ನೇ ಹೇಳದ ಸದ್ದಿನಲ್ಲಿ ಅಂಥ ತಿದ್ದುಪಡಿಗೆ ಆಸ್ಪದವಿರಲಿಲ್ಲ. ಆದ್ದರಿಂದ 1978ರ ಬರಹವನ್ನು 2002ರ ಹೊತ್ತಿಗೆ ಮುಚ್ಚಿಹೋದ ಕವಲಿನ ಮೊದಲ ದಾಖಲೆಗಳಲ್ಲಿ ಒಂದೆಂದು ಗೌರವಿಸಿ, ಇಂದಿನ ಪದ್ಧತಿಯ ಕಾಲಗಣನೆಯನ್ನು 1986ರಿಂದ ಆರಂಭಿಸುವುದು ಸಾಕ್ಷ್ಯಕ್ಕೆ ಹೆಚ್ಚು ಹೊಂದುತ್ತದೆ.