ಕಡಲಾಚೆಯ ಲೈಸೆನ್ಸ್

ಅಮೆರಿಕದ ಪೈಲಟ್ ಲೈಸೆನ್ಸ್‌ಗೆ ಕೊನೆಯ ದಿನಾಂಕವಿಲ್ಲ. ಆದರೂ ಬೆಂಗಳೂರಿಗೆ ಮರಳಿದ ಮೇಲೆ ಅದನ್ನು ಚಾಲ್ತಿಯಲ್ಲಿಟ್ಟುಕೊಳ್ಳಲು ನಾನು ಪಡುವ ಪಾಡು ದೊಡ್ಡದು. ಇದರ ಬೇರು 1944ರ ಷಿಕಾಗೋ ಒಪ್ಪಂದದಲ್ಲಿದೆ. ಗಡಿ ದಾಟುವ ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶವೇ ಪೈಲಟ್‌ಗೆ ಲೈಸೆನ್ಸ್ ಕೊಡಬೇಕು, ಇಲ್ಲವೇ ಬೇರೆ ದೇಶದ್ದಕ್ಕೆ ಮಾನ್ಯತೆ ಕೊಡಬೇಕು ಎನ್ನುತ್ತದೆ ಅದರ 32ನೇ ವಿಧಿ. ನ್ಯಾಯವಾದ ಮಾತೇ. ಆದರೆ ಬೆಂಗಳೂರಿನ ಜಕ್ಕೂರಿನಲ್ಲಿ ನಿಂತ, ಭಾರತದ ನೋಂದಣಿ ಸೂಚಿಸುವ 'ವಿಟಿ' ಅಕ್ಷರಗಳ ವಿಮಾನಕ್ಕೆ ನನ್ನ ಅಮೆರಿಕದ ಕಾರ್ಡೊಂದೇ ಸಾಲದು.

ಇನ್ನು ಆ ಅಮೆರಿಕದ ಲೈಸೆನ್ಸ್ ಚಾಲ್ತಿಯಲ್ಲಿರಲು 24 ತಿಂಗಳಿಗೊಮ್ಮೆ ಅಲ್ಲಿನ ಬೋಧಕರೊಬ್ಬರ ಎದುರು ಮರುಪರೀಕ್ಷೆ: ಕನಿಷ್ಠ ಒಂದು ಗಂಟೆ ನಿಯಮಗಳ ಪಾಠ, ಒಂದು ಗಂಟೆ ಹಾರಾಟ. ಬೋಧಕರು ಸದ್ದಿಲ್ಲದೆ ಥ್ರಾಟಲ್ ಹಿಂದಕ್ಕೆಳೆದು, "ಎಂಜಿನ್ ಹೋಯಿತು, ಎಲ್ಲಿ ಇಳಿಸುತ್ತೀರಿ?" ಎನ್ನುತ್ತಾರೆ. ನಾನು ವಿಮಾನದ ಮೂಗನ್ನು ತಗ್ಗಿಸಿ, ವೇಗ ಹಿಡಿದು, ಹೊಲ ಹುಡುಕುತ್ತೇನೆ. ಈ ಪರೀಕ್ಷೆ ನನಗೆ ಬಹಳ ಇಷ್ಟ. ಕೈ ಮರೆತದ್ದು ತಕ್ಷಣ ಗೊತ್ತಾಗುತ್ತದೆ. ಕೊನೆಗೆ ಲಾಗ್‌ಬುಕ್‌ನಲ್ಲಿ ಅವರ ಸಹಿ.

ಇದರ ಜೊತೆಗೆ ಕಾರ್ಡಿನ ತಾಪತ್ರಯ ಬೇರೆ: ಅಮೆರಿಕದ ಕಾಗದದ ಲೈಸೆನ್ಸ್‌ಗಳ ಕಾಲ 2010ರ ಮಾರ್ಚ್ 31ಕ್ಕೆ ಮುಗಿಯಿತು, ಪ್ಲಾಸ್ಟಿಕ್ ಕಡ್ಡಾಯವಾಯಿತು. ಅಲ್ಲಿನ 2024ರ ನಿಯಮವಂತೂ ಅಮೆರಿಕದಲ್ಲಿ ವಿಳಾಸವಿಲ್ಲದ ನನ್ನಂಥವರು ಸರ್ಕಾರಿ ಪತ್ರ ಪಡೆಯಲು ಅಲ್ಲೊಬ್ಬ ಪ್ರತಿನಿಧಿಯನ್ನು ನೇಮಿಸಬೇಕೆಂದಿತು.