ಅರ್ಜುನ ಹೋದ, ಜೀಯಸ್ ಹೋಯ್ತು

ಕನ್ನಡದಲ್ಲಿ ಪ್ರಾಣಿಗೆ ಹೆಸರಿಟ್ಟರೆ ಕ್ರಿಯಾಪದವೇ ಬದಲಾಗುತ್ತದೆ. ಆನೆ ಬಂತು, ಸೊಪ್ಪು ತಿಂತು. ಅದೇ ಆನೆಗೆ ಅರ್ಜುನನೆಂದು ಹೆಸರು ಬಿದ್ದ ಮೇಲೆ ಅರ್ಜುನ ಬಂದ, ಸೊಪ್ಪು ತಿಂದ. ವ್ಯಾಕರಣ ಪುಸ್ತಕ ಪ್ರಾಣಿಗಳನ್ನೆಲ್ಲ ನಪುಂಸಕಲಿಂಗಕ್ಕೆ ಸೇರಿಸಿದರೂ ಮಾವುತರ, ಕಾವಾಡಿಗಳ ಬಾಯಿ ಅದನ್ನು ಒಪ್ಪಿಲ್ಲ. ಇಟ್ಟ ಹೆಸರು ಹಿಡಿಯಿತೋ ಇಲ್ಲವೋ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ. 'ಅದು' ಹೋಗಿ 'ಅವನು' ಬಂದಿದ್ದರೆ ಹಿಡಿದಿದೆ.

ಮೊಬೈಲಿನ ಆಟಗಳಲ್ಲಿ ಸಾಕುವ ಪ್ರಾಣಿಗಳು ಈ ಪರೀಕ್ಷೆಯಲ್ಲಿ ಸೋಲುತ್ತವೆ. ಹುಣಸೂರಿನ ಹುಡುಗನೂ ಬೆಂಗಳೂರಿನ ಹುಡುಗನೂ ತಮ್ಮ ಆಟದ ನಾಯಿಗೆ, ಡ್ರ್ಯಾಗನ್‌ಗೆ ಜೀಯಸ್, ಅಪೋಲೊ, ಹರ್ಕ್ಯುಲಿಸ್ ಎಂದು ಹೆಸರಿಡುತ್ತಾರೆ. ಆಮೇಲೆ ಹೇಳುವುದು ಮಾತ್ರ 'ಜೀಯಸ್ ಸತ್ತೋಯ್ತು' ಎಂದೇ. ಗ್ರೀಕರ ದೇವರಾಜನಿಗೆ ಕನ್ನಡದ ಪುಲ್ಲಿಂಗ ಇನ್ನೂ ದಕ್ಕಿಲ್ಲ.

ಸಾಕುಪ್ರಾಣಿಗೆ ಪುರಾಣದ ಹೆಸರಿಡುವುದು ಮೈಸೂರು ಸೀಮೆಗೆ ಹೊಸದಲ್ಲ. ಹಸುಗಳಿಗೆ ಗಂಗೆ, ಗೌರಿ, ತುಂಗೆ. ಗೋವಿನ ಹಾಡಿನ ಗೊಲ್ಲ ಕಾಳಿಂಗನೂ ತನ್ನ ದನಗಳನ್ನು ಕರೆಯುವುದು ಇಂಥ ಹೆಸರುಗಳಿಂದಲೇ. ಜೋಡೆತ್ತಿಗೆ ರಾಮ, ಲಕ್ಷ್ಮಣ. ನಾಗರಹೊಳೆ ಸುತ್ತಲಿನ ಆನೆ ಶಿಬಿರಗಳಿಗೆ ಬಂದರೆ ರಾಮಾಯಣ ಹಿಂದೆ ಸರಿದು ಮಹಾಭಾರತ ಮುಂದೆ ಬರುತ್ತದೆ: ದ್ರೋಣ, ಬಲರಾಮ, ಅರ್ಜುನ, ಅಭಿಮನ್ಯು, ಭೀಮ, ಏಕಲವ್ಯ, ಧನಂಜಯ. ಸುಗ್ರೀವನಂಥ ಒಬ್ಬಿಬ್ಬರಿದ್ದಾರೆ, ಆದರೆ ಅವರಿಂದ ಲೆಕ್ಕ ತಲೆಕೆಳಗಾಗುವುದಿಲ್ಲ. ಕೆ.ಆರ್. ನಗರದ ಬಳಿಯ ಚುಂಚನಕಟ್ಟೆಯಲ್ಲಿ ಕೋದಂಡರಾಮನ ಗುಡಿಯಿದೆ, ದನಗಳ ಜಾತ್ರೆಯಿದೆ, ವನವಾಸದ ಕತೆಯಿದೆ. ಇಷ್ಟು ಹತ್ತಿರದಲ್ಲಿ ರಾಮನಿದ್ದರೂ ಆನೆಗೆ ಅವನ ಹೆಸರು ಏಕೆ ಅಷ್ಟಾಗಿ ಒಗ್ಗಲಿಲ್ಲ?

ಕಾರಣ ನೊಗದಲ್ಲಿದೆ. ರಾಮನ ಹೆಸರು ತಮ್ಮನನ್ನು ಬಿಟ್ಟು ಬರುವುದಿಲ್ಲ, ಎತ್ತು ಜೊತೆಗಾರನಿಲ್ಲದೆ ನೊಗಕ್ಕೆ ಹೆಗಲು ಕೊಡುವುದಿಲ್ಲ. ಆ ಹೆಸರಿಗೂ ಆ ಕೆಲಸಕ್ಕೂ ಹೊಂದಿತು. ಆನೆ ಒಂಟಿಯಾಗಿ ನಿಂತು ಭಾರ ಹೊರುವ ಜೀವ. ಅದಕ್ಕೆ ಬೇಕಾದದ್ದು ಒಬ್ಬನೇ ನಿಂತು ಸೆಣಸುವ ವೀರನ ಹೆಸರು, ಅಂಥವರು ಗುಂಪಾಗಿ ಸಿಗುವುದು ಕುರುಕ್ಷೇತ್ರದಲ್ಲಿ. ಆ ಕುರುಕ್ಷೇತ್ರವೂ ಪುಸ್ತಕದಿಂದ ಬಂದದ್ದಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಹಳ್ಳಿಗಳಲ್ಲಿ ಹಾರ್ಮೋನಿಯಂ ಇಟ್ಟುಕೊಂಡು, ಊರವರೇ ಬಣ್ಣ ಹಚ್ಚಿ, ಬೆಳಗಿನವರೆಗೆ ಆಡುವ ಪೌರಾಣಿಕ ನಾಟಕ ಅದು. ಗದೆ ಹೊತ್ತು ರಂಗಕ್ಕೆ ನುಗ್ಗುವ ಭೀಮನನ್ನು ಕಂಡ ಕಣ್ಣಿಗೆ ಆನೆಯ ಹೆಸರು ಹುಡುಕಬೇಕಾಗಿರಲಿಲ್ಲ.

'ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ' ಎಂಬ ಗಾದೆಯನ್ನು ಇಲ್ಲಿ ಬಿಡಿಸಿ ನೋಡಬೇಕು. ಗಾದೆ ಕಟ್ಟಿದವರು ಅನ್ನವನ್ನು ಆರಿಸಲಿಲ್ಲ, ತುಪ್ಪವನ್ನೂ ಆರಿಸಲಿಲ್ಲ. ಹಾಲು ಮೊಸರಾಗಿ, ಕಡೆದು ಬೆಣ್ಣೆ ತೆಗೆದ ಮೇಲೆ ಉಳಿಯುವುದು ಮಜ್ಜಿಗೆ. ಹಳ್ಳಿಯಲ್ಲಿ ಅದಕ್ಕೆ ಬೆಲೆ ಕಟ್ಟುತ್ತಿರಲಿಲ್ಲ. ಪಕ್ಕದ ಮನೆಯವರು ಚೊಂಬು ಹಿಡಿದು ಬಂದರೆ ಸುಮ್ಮನೆ ಹೊಯ್ದು ಕಳಿಸುತ್ತಿದ್ದರು. ಹಾಲಿನ ಕಡಲನ್ನೇ ಹೆಸರಲ್ಲಿ ಹೊತ್ತವನಿಗೆ ಹಾಲಿನ ಕಟ್ಟಕಡೆಯ ರೂಪವೂ ಇಲ್ಲ ಎಂಬಲ್ಲಿ ಗಾದೆಯ ಪೆಟ್ಟಿದೆ. ಆ ಪೆಟ್ಟು ತಾಗಬೇಕಾದರೆ ವಿಷ್ಣು ಮಲಗಿದ ಕಡಲು ಯಾವುದೆಂದು ಕೇಳುವವರಿಗೆ ಗೊತ್ತಿರಬೇಕು. ಕತೆ ಗೊತ್ತಿಲ್ಲದವರಿಗೆ ಅದು ಒಬ್ಬ ಭಟ್ಟರ ಬಡತನದ ಸುದ್ದಿ, ಅಷ್ಟೇ. ಜೀಯಸ್‌ನಿಗೆ ಆಗಿರುವುದೂ ಇದೇ. ಸದ್ದು ಬಂದಿದೆ, ಕತೆ ಬಂದಿಲ್ಲ.

ಗ್ರೀಕರೇ ತಮ್ಮ ನಾಯಿಗಳಿಗೆ ದೇವರ ಹೆಸರಿಡಬೇಕೆನ್ನಲಿಲ್ಲ. ಬೇಟೆಯ ಬಗ್ಗೆ ಬರೆದ ಜೆನೊಫೋನ್ ನಾಯಿಯ ಹೆಸರು ಚಿಕ್ಕದಾಗಿ, ಕೂಗಲು ಸುಲಭವಾಗಿ ಇರಬೇಕೆಂದು ಹೇಳಿ ನಲವತ್ತಕ್ಕೂ ಹೆಚ್ಚು ಹೆಸರು ಪಟ್ಟಿ ಮಾಡಿದ್ದಾನೆ. ಈಟಿ, ಕಾವಲುಗಾರ ಎಂಬಂಥ ಅರ್ಥದ ಹೆಸರುಗಳು ಅವು. ಗ್ರೀಕ್ ಕಾವ್ಯದಲ್ಲಿ ಇಪ್ಪತ್ತು ವರ್ಷದ ಮೇಲೆ ಮನೆಗೆ ಮರಳಿದ ವೀರ ಒಡಿಸ್ಯೂಸ್‌ನನ್ನು ಗುರುತಿಸಿದ ನಾಯಿಯ ಹೆಸರೂ ಚಿಕ್ಕದೇ, ಆರ್ಗೋಸ್.

ಆಟದೊಳಗೆ ಹೆಸರಿಗೆ ಬೆಲೆಯಿಲ್ಲವೆಂದಲ್ಲ. ಮೈನ್‌ಕ್ರಾಫ್ಟ್‌ನಲ್ಲಿ ಹೆಸರಿನ ಚೀಟಿ ಕಟ್ಟಿದ ಜೀವಿ ತಾನಾಗಿ ಮಾಯವಾಗುವುದಿಲ್ಲ. 1999ರಲ್ಲಿ ಶುರುವಾದ ನಿಯೋಪೆಟ್ಸ್‌ನಲ್ಲಿ ಒಂದು ಹೆಸರು ಒಂದೇ ಪ್ರಾಣಿಗೆ. ಬೇರೆಯವರು ಮೊದಲೇ ಹಿಡಿದಿದ್ದರೆ ಬಾಲಕ್ಕೆ ಅಂಕಿ ಅಂಟಿಸಬೇಕು. ಪಿರಿಯಾಪಟ್ಟಣ ತಾಲ್ಲೂಕು ಇದೇ ತೊಡಕನ್ನು ಅಂಕಿಯಿಲ್ಲದೆ ಬಿಡಿಸಿತು. 2024ರ ಮೈಸೂರು ದಸರಾ ಗಜಪಡೆಯಲ್ಲಿ ಲಕ್ಷ್ಮಿ ಇದ್ದಳು, ವರಲಕ್ಷ್ಮಿಯೂ ಇದ್ದಳು. ಮತ್ತೊಬ್ಬ ಲಕ್ಷ್ಮಿ ಬಂದಾಗ ಅವಳ ಶಿಬಿರದ ಊರನ್ನೇ ಮುಂದಿಟ್ಟು ದೊಡ್ಡಹರವೆ ಲಕ್ಷ್ಮಿ ಎಂದರು. ಮನುಷ್ಯರಿಗೆ ಊರಿನ ಇನಿಷಿಯಲ್ ಸೇರಿಸುವ ಪದ್ಧತಿ ಆನೆಗೂ ಸಂದಿತು.

ಈಗಿನ ಮಾತಿನ ಮೇಲೆ ಒಂದು ದೂರು ಹೇಳಲೇಬೇಕು. ಟಿವಿ ವಾರ್ತೆಗೆ ಅಭಿಮನ್ಯು ಎಂದರೆ ಸಾಲದು, 'ಕ್ಯಾಪ್ಟನ್ ಅಭಿಮನ್ಯು' ಆಗಬೇಕು. ಕೆಲವೊಮ್ಮೆ ಅವನನ್ನು ಬಂದೂಕಿನ ಹೆಸರಿನಿಂದಲೂ ಕರೆಯುತ್ತಾರೆ. ಚಕ್ರವ್ಯೂಹ ಹೊಕ್ಕವನ ಹೆಸರಿಗೆ ಕ್ರಿಕೆಟ್ಟಿನ ಬಿರುದು ಏನು ಕೂಡಿಸೀತು? ಆ ಹೆಸರು ತಾನಾಗಿಯೇ ತುಂಬಿದೆ.

ಕುರುಕ್ಷೇತ್ರದಲ್ಲಿ ದ್ರೋಣ, ಅರ್ಜುನ, ಅಭಿಮನ್ಯು ಮೂವರಲ್ಲಿ ಮೊದಲು ಸತ್ತವನು ಅಭಿಮನ್ಯು, ದ್ರೋಣನ ವ್ಯೂಹದೊಳಗೆ; ಆಮೇಲೆ ದ್ರೋಣ, ಅರ್ಜುನ ಉಳಿದ. ಕಾಡಿನಲ್ಲಿ ಆ ಸರದಿ ತಿರುಗಿತು. 18 ಬಾರಿ ದಸರಾ ಅಂಬಾರಿ ಹೊತ್ತ ಆನೆ ದ್ರೋಣ 1998ರಲ್ಲಿ ಬಳ್ಳೆಯಲ್ಲಿ ವಿದ್ಯುತ್ ತಗುಲಿ ಸತ್ತ. ಆಮೇಲೆ ಬಲರಾಮ ಹೊತ್ತ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಸಿಕ್ಕ ಅರ್ಜುನ 2012ರಿಂದ 2019ರವರೆಗೆ ಅಂಬಾರಿ ಹೊತ್ತು, 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನಲ್ಲಿ ಕಾಡಾನೆಯೊಡನೆ ಕಾದಾಡಿ ಹೋದ. 2020ರಲ್ಲಿ ಅಂಬಾರಿ ಅಭಿಮನ್ಯುವಿನ ಬೆನ್ನೇರಿತು.